ಭೂದೃಶ್ಯ ವಾಸ್ತುಶಿಲ್ಪ ಎಂದರೆ ಗಿಡ ನೆಟ್ಟು ಅಂದಗೊಳಿಸುವುದಷ್ಟೇ ಅಲ್ಲವೇ?

ಖಂಡಿತ ಅಲ್ಲ. ಅದು ಕಟ್ಟಡದ ಸುತ್ತಲಿನ ನೆಲ, ಉದ್ಯಾನದಂಥ ತೆರೆದ ಜಾಗಗಳನ್ನು ವಿನ್ಯಾಸಗೊಳಿಸುವ ಕೆಲಸ. ಗಿಡಗಳ ಆಯ್ಕೆ ಬಹಳ ತಡವಾಗಿ ಬರುವ ಹಂತ. ಮೊದಲು ನೋಡಬೇಕಾದದ್ದು ನೀರು. ಮಳೆನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಇಂಗುತ್ತದೆ ಎಂಬುದು ತಿಳಿಯದೆ ಎಳೆದ ನಕ್ಷೆಗೆ ಬೆಲೆಯಿಲ್ಲ. ಆದ್ದರಿಂದಲೇ ನೆಲದ ಏರಿಳಿತವನ್ನು ಅಳೆದು ಇಳಿಜಾರನ್ನು ತಿದ್ದುತ್ತಾರೆ. ಕಟ್ಟಡದಿಂದ ಹೊರಕ್ಕೆ ನೆಲ ಸುಮಾರು ಶೇ. 2ರಷ್ಟಾದರೂ ಇಳಿದಿರಬೇಕು, ಗಾಲಿಕುರ್ಚಿಯ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿಕೆಯನ್ನು ಮೀರಬಾರದು. ಮಣ್ಣು, ಬಿಸಿಲು, ಗಾಳಿ, ಜನರ ಓಡಾಟ ಆಮೇಲಿನ ಲೆಕ್ಕ.

ಇದಕ್ಕೆ ನಾನು ಕಂಡ ಅತ್ಯುತ್ತಮ ಪಾಠ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನ ವಿನ್ಯಾಸ. ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ 1858ರಲ್ಲಿ ಸ್ಪರ್ಧೆ ಗೆದ್ದ ತಮ್ಮ ಯೋಜನೆಯಲ್ಲಿ ನಗರದ ನಾಲ್ಕು ಅಡ್ಡರಸ್ತೆಗಳನ್ನು ಉದ್ಯಾನದ ಮಟ್ಟಕ್ಕಿಂತ ಕೆಳಗಿಳಿಸಿದರು. ವಾಹನಗಳು ಉದ್ಯಾನವನ್ನು ದಾಟುತ್ತವೆ, ಆದರೆ ನಡೆದಾಡುವವರ ನೋಟಕ್ಕೆ ಅಡ್ಡಬರುವುದಿಲ್ಲ. ಸಹಜವೆನಿಸುವ ಅಲ್ಲಿನ ಕೊಳಗಳೂ ಮನುಷ್ಯರು ಮಾಡಿದವೇ. ಅಷ್ಟೊಂದು ಎಂಜಿನಿಯರಿಂಗನ್ನು ಕಣ್ಣಿಗೆ ಬೀಳದಂತೆ ಇಟ್ಟಿರುವುದು ಅಪ್ಪಟ ಪ್ರತಿಭೆ.

ಸಸಿಗಳ ನಡುವಿನ ಅಂತರವನ್ನು ಅವುಗಳ ಇಂದಿನ ಗಾತ್ರ ನೋಡಿ ನಿರ್ಧರಿಸಬೇಡಿ, ಬೆಳೆದ ಮರದ ಹರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂದೆ ನಿರ್ವಹಣೆ ಯಾರದು, ನೀರು ಎಲ್ಲಿಂದ ಎಂಬುದೂ ನಕ್ಷೆಯ ಹಂತದಲ್ಲೇ ತೀರ್ಮಾನವಾಗಬೇಕು.