ಹಾಡಿಗೆ ಹಣೆಪಟ್ಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಗೀತದ ಪ್ರಕಾರಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಶರೀಫರ ಪದಗಳನ್ನು ಒಬ್ಬರು ಭಾವಗೀತೆ ಅಂತಾರೆ, ಇನ್ನೊಬ್ಬರು ಜಾನಪದ ಅಂತಾರೆ. ಯಾವುದು ಸರಿ?
– ಓದುಗರೊಬ್ಬರು, ಚನ್ನರಾಯಪಟ್ಟಣ

ರಚನೆಯನ್ನು ನೋಡಿ ಹೇಳುವುದಾದರೆ ತತ್ವಪದ. ಶಿಶುನಾಳ ಶರೀಫರ (1819–1889) ಅಂಕಿತ, ಅಂದರೆ ಕವಿಯ ಗುರುತಿನ ಹೆಸರು, ಪದದ ಕೊನೆಯಲ್ಲೇ ಇರುತ್ತದೆ. ಬರೆದವರು ಯಾರೆಂದು ಗೊತ್ತಿರುವ ಪದ ಕಟ್ಟುನಿಟ್ಟಾಗಿ ಜನಪದ ಗೀತೆ ಆಗದು. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಹಾಡುವವರಿಗೆ ಅದು ಭಜನೆ ಪದ. ನಿಮ್ಮೂರಲ್ಲೇ ಹುಟ್ಟಿದ ಸಿ. ಅಶ್ವತ್ಥ್ ಹಾಡಿದ ಮೇಲೆ ಅದು ಕ್ಯಾಸೆಟ್ ಅಂಗಡಿಯ ಭಾವಗೀತೆ ಸಾಲಿಗೆ ಹೋಯಿತು. ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಸೇರಿಸಿ ಹಾಡಿದಾಗ ‘ಫೋಕ್ ರಾಕ್’ ಎಂದರು. ಪದ ಅದೇ, ಹಣೆಪಟ್ಟಿ ನಾಲ್ಕು.

ಗೊಂದಲಕ್ಕೆ ಒಂದು ಕಾರಣವಿದೆ. ‘ಭಾವಗೀತೆ’ ಎಂಬುದು ಕವಿತೆಯ ಜಾತಿ, ‘ಸುಗಮ ಸಂಗೀತ’ ಎಂಬುದು ಹಾಡುವ ರೀತಿ. ನಾವು ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಅರ್ಜಿ ಹಾಕುವವರು ಬರೆಯಬೇಕಾದ್ದು ಎರಡನೆಯದನ್ನು.

ಕಾಫಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕಾಫಿ ಬೀಜ ಹದಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ‘ಪ್ಲಾಂಟೇಶನ್ ಎ’ ಎಂದು ಚೀಟಿ ಬಿದ್ದರೆ ಎರಡು ವಿಷಯ ತಿಳಿಯುತ್ತದೆ: ಅದು ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ) ತೊಳೆದ ಅರೇಬಿಕಾ, ಬೀಜದ ಗಾತ್ರ ಇಷ್ಟು. ‘ಪಿಬಿ’ ಎಂದರೆ ಗುಂಡುಬೀಜ. ‘ಚೆರ್ರಿ’ ಎಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು. ಲೋಟದಲ್ಲಿ ರುಚಿ ಹೇಗಿರುತ್ತದೆಂದು ಯಾವ ಚೀಟಿಯೂ ಹೇಳುವುದಿಲ್ಲ. ಆದರೂ ಹುರಿಯುವವನಿಗೆ ಅದು ಬೇಕೇ ಬೇಕು, ಗಾತ್ರ ಬೆರೆತರೆ ಸಣ್ಣ ಬೀಜ ಸೀದು ದಪ್ಪ ಬೀಜ ಹಸಿ ಉಳಿಯುತ್ತದೆ. ಸಂಗೀತದ ಪ್ರಕಾರವೂ ಜರಡಿಯ ಚೀಟಿಯೇ. ‘ಇದು ಸರಿಯೇ’ ಎನ್ನುವ ಬದಲು ‘ಇದು ಯಾರ ಕೆಲಸಕ್ಕೆ’ ಎಂದು ಕೇಳಿಕೊಳ್ಳಿ.

ಪೆನ್‌ಡ್ರೈವ್‌ನಲ್ಲಿ ಮೂರು ಸಾವಿರ ಹಾಡುಗಳಿವೆ. ಕಾರಿನ ಸ್ಟೀರಿಯೊದಲ್ಲಿ ‘ಜಾನರ್’ (ಪ್ರಕಾರ) ಒತ್ತಿದರೆ ಭಾವಗೀತೆಗೇ ಐದು ಸಾಲು, ಕೆಲವು ಕಡೆ ಬರೀ ಚೌಕಗಳು. ಸರಿ ಮಾಡುವುದು ಹೇಗೆ?
– ಓದುಗರೊಬ್ಬರು, ಅರಸೀಕೆರೆ

ಐದು ಸಾಲು ಬರುವುದು ಕಾಗುಣಿತದಿಂದ. ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ‘ಭಾವ’ಕ್ಕೆ ಒಂದು ‘ಎ’ ಹಾಕಿರುತ್ತಾರೆ, ಇನ್ನೊಬ್ಬರು ಎರಡು. ‘ಗೀತೆ’ಗೆ ಒಬ್ಬರು ‘ಟಿ’, ಇನ್ನೊಬ್ಬರು ‘ಟಿಎಚ್’. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪ್ರಕಾರಗಳೇ.

ಮೊದಲು ಪೆನ್‌ಡ್ರೈವ್‌ನ ನಕಲನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ‘ಎಂಪಿ3ಟ್ಯಾಗ್’ ತಂತ್ರಾಂಶದಲ್ಲಿ ಆ ಫೋಲ್ಡರ್ ತೆರೆದು ಜಾನರ್ ಕಾಲಂನ ತಲೆ ಒತ್ತಿ. ಒಂದೇ ಬಗೆಯವು ಒಟ್ಟಿಗೆ ಸಾಲುಗಟ್ಟುತ್ತವೆ. ಆ ಗುಂಪನ್ನಷ್ಟೂ ಆಯ್ದು, ಎಡಗಡೆಯ ಪಟ್ಟಿಯಲ್ಲಿ ಜಾನರ್ ಒಂದನ್ನೇ ಹೊಸದಾಗಿ ಬರೆದು, ಕಂಟ್ರೋಲ್ ಮತ್ತು ಎಸ್ ಒತ್ತಿ. ಉಳಿದ ಮನೆಗಳಲ್ಲಿ ‘ಕೀಪ್’ ಎಂದಿರುವುದನ್ನು ಮುಟ್ಟಬೇಡಿ. ಅಲ್ಲಿ ಏನಾದರೂ ಬರೆದರೆ ಇನ್ನೂರು ಹಾಡಿಗೂ ಒಂದೇ ಗಾಯಕರ ಹೆಸರು ಬೀಳುತ್ತದೆ.

ಚೌಕಗಳಿಗೆ ಎರಡು ಕಾರಣ ಇರಬಹುದು. ಅದೇ ಹಾಡನ್ನು ಫೋನಿಗೆ ಹಾಕಿ ನೋಡಿ. ಫೋನಿನಲ್ಲಿ ಕನ್ನಡ ಸರಿಯಾಗಿ ಕಂಡರೆ ದೋಷ ಸ್ಟೀರಿಯೊದ್ದು, ಅದರಲ್ಲಿ ಕನ್ನಡ ಫಾಂಟ್ ಇಲ್ಲ. ಆಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯದೆ ಬೇರೆ ದಾರಿಯಿಲ್ಲ. ಫೋನಿನಲ್ಲೂ ಕಲಸುಮೇಲೋಗರ ಕಂಡರೆ ಟ್ಯಾಗ್ (ಹಾಡಿನ ಫೈಲಿಗೆ ಅಂಟಿಕೊಂಡ ವಿವರದ ಚೀಟಿ) ಬರೆದ ಕ್ರಮ ತಪ್ಪಿದೆ. ಎಂಪಿ3ಟ್ಯಾಗ್‌ನ ಆಪ್ಷನ್ಸ್‌ನಲ್ಲಿ ಟ್ಯಾಗ್ಸ್, ಅದರೊಳಗೆ ಎಂಪೆಗ್‌ಗೆ ಹೋಗಿ ಬರೆಯುವ ಕ್ರಮವನ್ನು ‘ಐಡಿ3ವಿ2.3 ಯುಟಿಎಫ್-16’ ಮಾಡಿ, ಹೆಸರುಗಳನ್ನು ಮತ್ತೆ ಟೈಪ್ ಮಾಡಿ ಉಳಿಸಿ. ಐಡಿ3ಯ 2.4 ಆವೃತ್ತಿ ಹೊಸದು ನಿಜ, ಆದರೆ ಹಳೆಯ ಸ್ಟೀರಿಯೊಗಳು ಅದನ್ನು ಓದದೆ ಕೈಕೊಡುವುದುಂಟು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ‘ಫ್ಯಾಟ್32’ ಇರಲಿ.

ಈ ಏರ್ಪಾಡಿನ ಹುಟ್ಟೇ ತಮಾಷೆಯದು. 1996ರ ಮೊದಲ ಐಡಿ3 ಟ್ಯಾಗ್ ಹಾಡಿನ ಬಾಲಕ್ಕೆ ಅಂಟಿಸಿದ ಬರೀ 128 ಬೈಟ್‌ಗಳ ಚೀಟಿ: ಹೆಸರಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30, ಪ್ರಕಾರಕ್ಕೆ ಒಂದೇ ಒಂದು. ಆ ಒಂದು ಬೈಟ್‌ನಲ್ಲಿ ಹಿಡಿಸಿದ್ದು ಪಟ್ಟಿಯ ಕ್ರಮಸಂಖ್ಯೆ ಮಾತ್ರ. 80 ಹೆಸರುಗಳ ಆ ಮೊದಲ ಪಟ್ಟಿಯಲ್ಲಿ ‘ಪೋಲ್ಕಾ’ ಇತ್ತು, ಕೀಟಲೆಯ ಧ್ವನಿಮುದ್ರಣಕ್ಕೂ ‘ಪ್ರ್ಯಾಂಕ್ಸ್’ ಎಂಬ ಮನೆಯಿತ್ತು. ಕರ್ನಾಟಕ ಸಂಗೀತಕ್ಕೆ ಇರಲಿಲ್ಲ. ತ್ಯಾಗರಾಜರ ಕೃತಿ 48ನೆಯ ‘ಎಥ್ನಿಕ್’ನಲ್ಲೋ 12ನೆಯ ‘ಅದರ್’ನಲ್ಲೋ ಜಾಗ ಹುಡುಕಬೇಕಿತ್ತು. ಈಗ ನಮಗೆ ಬೇಕಾದ್ದು ಬರೆದುಕೊಳ್ಳಬಹುದು.

ಹಾಗೆಂದು ನಲವತ್ತು ಪ್ರಕಾರ ಮಾಡಬೇಡಿ, ಎಂಟು-ಹತ್ತು ಸಾಕು. ರಾಗದ ಹೆಸರು ‘ಕಾಮೆಂಟ್’ಗೆ, ರಾಗ ಸಂಯೋಜಕರು ‘ಕಂಪೋಸರ್’ಗೆ ಹೋಗಲಿ. ಒಂದು ಹಾಡು ಎರಡು ಪ್ರಕಾರಕ್ಕೂ ಸೇರುತ್ತದೆ ಎನಿಸಿದರೆ, ನೀವು ಅದನ್ನು ಎಲ್ಲಿ ಹುಡುಕುತ್ತೀರೋ ಅಲ್ಲಿಡಿ. ಎರಡನ್ನೂ ಬರೆದರೆ ಹೆಚ್ಚಿನ ಸ್ಟೀರಿಯೊಗಳು ಅದನ್ನು ಮೂರನೆಯ ಪ್ರಕಾರ ಎಂದುಕೊಳ್ಳುತ್ತವೆ.

ಗಣಪತಿ ಉತ್ಸವಕ್ಕೆ ‘ಫ್ಯೂಷನ್’ ತಂಡ ಗೊತ್ತು ಮಾಡಿದ್ದೇವೆ. ಮೈಕ್ ಸೆಟ್‌ನವರು ‘ಹಂಗಂದ್ರೆ ಎಷ್ಟು ಮೈಕು?’ ಅಂತಾರೆ.
– ಸಮಿತಿಯ ಕಾರ್ಯದರ್ಶಿ, ಸಕಲೇಶಪುರ

ಅವರು ಕೇಳಿದ್ದು ನ್ಯಾಯ. ಕರ್ನಾಟಕ ಸಂಗೀತದ ಹಾಡುಗಾರಿಕೆ ಎಂದರೆ ಲೆಕ್ಕ ಬಾಯಲ್ಲೇ ಬರುತ್ತದೆ: ಗಾಯಕರಿಗೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡೂ ಮುಖಕ್ಕೆ ಎರಡು, ಘಟಕ್ಕೆ ಒಂದು, ಶ್ರುತಿಪೆಟ್ಟಿಗೆಗೆ ಒಂದು, ಒಟ್ಟು ಆರು. ಸುಗಮ ಸಂಗೀತಕ್ಕೆ ಎಂಟು-ಒಂಬತ್ತು. ‘ರಸಮಂಜರಿ’ ಎಂದರೆ ಸಿನಿಮಾ ಹಾಡು, ಕೀಬೋರ್ಡ್, ರಿದಮ್ ಪ್ಯಾಡ್, ನಾಲ್ಕು ಕಾರ್ಡ್‌ಲೆಸ್. ಹದಿನಾರು ಚಾನಲ್ಲಿನ ಮಿಕ್ಸರ್ ಬೇಕು. (ಸಂಸ್ಕೃತದಲ್ಲಿ ನಾಯಿಕಾಭೇದ, ಅಂದರೆ ಕಾವ್ಯದ ನಾಯಕಿಯರ ಬಗೆಗಳನ್ನು ಹೇಳುವ ಗ್ರಂಥದ ಹೆಸರು ನಮ್ಮಲ್ಲಿ ಸಿನಿಮಾ ಹಾಡಿನ ಪೋಸ್ಟರ್ ಏರಿದೆ. ಆದರೂ ಮೈಕಿನವನಿಗೆ ಅದರಷ್ಟು ಸ್ಪಷ್ಟ ಪದ ಇನ್ನೊಂದಿಲ್ಲ.) ವೀರಗಾಸೆಗೆ ಒಡಪು ಹೇಳುವವರಿಗೊಂದು ಮೈಕ್ ಕೊಟ್ಟರೆ ಮುಗಿಯಿತು. ಕರಡೆ, ಚಮಾಳದಂಥ ಬಡಿಯುವ ವಾದ್ಯಗಳ ಹತ್ತಿರ ಮೈಕ್ ಇಟ್ಟರೆ ಸದ್ದು ಒಡೆಯುತ್ತದೆ, ಕುಣಿತದ ಜಾಗದಲ್ಲಿ ಸ್ಟ್ಯಾಂಡ್ ಉರುಳುತ್ತದೆ.

ಬೇರೆ ಬೇರೆ ಶೈಲಿ ಬೆರೆಸುವುದು ಎಂಬರ್ಥದ ‘ಫ್ಯೂಷನ್’ನಿಂದ ಇದಾವುದೂ ತಿಳಿಯದು. ತಂಡದವರಿಗೆ ಫೋನ್ ಮಾಡಿ: ಎಷ್ಟು ಜನ, ಯಾವ ವಾದ್ಯಕ್ಕೆ ಮೈಕು, ಯಾವುದಕ್ಕೆ ನೇರ ವೈರು, ಎಷ್ಟು ಮಾನಿಟರ್ (ಕಲಾವಿದರ ಕಡೆಗೆ ತಿರುಗಿಸಿಡುವ ಸ್ಪೀಕರ್). ವೀಣೆಗೆ ಪಿಕಪ್ (ವಾದ್ಯಕ್ಕೇ ಅಂಟಿಸಿದ ಪುಟ್ಟ ಧ್ವನಿಗ್ರಾಹಕ) ಇದೆಯೇ ಎಂದು ಕೇಳಲು ಮರೆಯಬೇಡಿ. ನೇರ ವೈರಿನ ವಾದ್ಯಗಳಿಗೆ, ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಡಿಐ ಪೆಟ್ಟಿಗೆ ಇರಲಿ. ಅದಿಲ್ಲದೆ ಉದ್ದದ ಕೇಬಲ್ ಎಳೆದರೆ ಕಾರ್ಯಕ್ರಮದುದ್ದಕ್ಕೂ ಗುಂಯ್ ಸದ್ದು. ಮಾನಿಟರನ್ನು ಘಟದ ಮೈಕಿನ ಕಡೆ ತಿರುಗಿಸಿದರೆ ಸಿಳ್ಳೆ ಹೊಡೆಯುತ್ತದೆ.

ನಮ್ಮ ಮಕ್ಕಳು ಅಂಟಿಗೆ-ಪಂಟಿಗೆ ಪದ ಹಾಡಿದ್ದಕ್ಕೆ ತೀರ್ಪುಗಾರರೊಬ್ಬರು ‘ಇದು ಜಾನಪದ ಗೀತೆಯ ಥರ ಇಲ್ಲ’ ಎಂದರು.
– ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ತಮಟೆ ಬಡಿದು ಜೋರಾಗಿ ಹಾಡಿದರೆ ಮಾತ್ರ ಜಾನಪದ ಎಂಬ ನಂಬಿಕೆ ವೇದಿಕೆಯಲ್ಲಿ ಬೆಳೆದದ್ದು. ಹಾಡುವವರೇ ಇಟ್ಟ ಹೆಸರುಗಳು ಕೆಲಸವನ್ನೋ ಹೊತ್ತನ್ನೋ ಹೇಳುತ್ತವೆ: ಬೀಸೋ ಪದ, ನಾಟಿ ಪದ, ಸೋಬಾನೆ. ಅಂಟಿಗೆ-ಪಂಟಿಗೆ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗುವವರದು. ನಡಿಗೆಯ ಲಯ, ಬಾಗಿಲ ಮುಂದಿನ ಬಿಡುವು ಅದರಲ್ಲೇ ಇವೆ. ‘ಜಾನಪದ’ ಎಂಬುದು ಇವನ್ನೆಲ್ಲ ಒಂದೇ ಮೂಟೆಗೆ ತುಂಬಿದ ವಿದ್ವಾಂಸರ ಪದ. ಗ್ರಂಥಾಲಯಕ್ಕೆ ಒಳ್ಳೆಯದು, ತೀರ್ಪಿಗೆ ಸಾಲದು.

ಮುಂದಿನ ಸಲ ಒಬ್ಬರನ್ನೇ ನಿಲ್ಲಿಸದೆ ಸಮೂಹ ವಿಭಾಗಕ್ಕೆ ಸೇರಿಸಿ. ಮುಂದಾಳು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳದಿದ್ದರೆ ಆ ಪದ ಅರ್ಧ ಸತ್ತಂತೆ. ಅರ್ಜಿಯಲ್ಲಿ ಹಾಡಿನ ಹೆಸರಿನ ಜೊತೆ ಯಾವಾಗ, ಎಲ್ಲಿ ಹಾಡುವುದು ಎಂದು ಒಂದು ಸಾಲು ಬರೆಯಿರಿ.

ಹೌಸ್, ಟೆಕ್ನೊ, ಡ್ರಮ್ ಅಂಡ್ ಬೇಸ್ – ಎಲ್ಲ ಒಂದೇ ಡಬ್ ಡಬ್ ಅಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಕೇಳುವವನಿಗೆ ಇರಬಹುದು, ಡಿಜೆಗೆ ಅಲ್ಲ. ಅಲ್ಲಿ ಪ್ರಕಾರ ಎಂದರೆ ಬಹುಮಟ್ಟಿಗೆ ವೇಗ. ಹೌಸ್ ನಿಮಿಷಕ್ಕೆ ಸುಮಾರು 120–130 ಬಡಿತ, ಡ್ರಮ್ ಅಂಡ್ ಬೇಸ್ 160–180. ಡಿಜೆಗಳು ರೆಕಾರ್ಡ್ ತಿರುಗಿಸುವ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನ ಪಿಚ್ ಗುಂಡಿ ವೇಗವನ್ನು ಶೇ 8ರಷ್ಟು ಮಾತ್ರ ಏರಿಸುತ್ತದೆ, ಇಳಿಸುತ್ತದೆ. 124ರ ಹಾಡು ಎಷ್ಟು ಎಳೆದರೂ 134 ದಾಟದು, 174ಕ್ಕೆ ಜೋಡಿಸಲಾಗದು. ಆದರೆ 174ರ ಅರ್ಧ 87, ಅದು ಹಿಪ್-ಹಾಪ್ ನಡೆ. ಹಾಗಾಗಿ ದೂರದ ಆ ಎರಡು ಪ್ರಕಾರಗಳು ಸಲೀಸಾಗಿ ಕೂಡುತ್ತವೆ. ಒಂದು ಇನ್ನೊಂದರ ದುಪ್ಪಟ್ಟಾಗುವ ನಮ್ಮ ವಿಳಂಬ, ಮಧ್ಯಮ ಕಾಲದ ಲೆಕ್ಕವೇ.

ರುದ್ರಪಟ್ಟಣದ ವಿದ್ವಾಂಸರ ಸಿ.ಡಿ. ವಿದೇಶದಲ್ಲಿ ‘ವರ್ಲ್ಡ್ ಮ್ಯೂಸಿಕ್’ ಕಪಾಟಿನಲ್ಲಿತ್ತಂತೆ. ಏಕೆ?
– ಓದುಗರೊಬ್ಬರು, ಅರಕಲಗೂಡು

1987ರ ಬೇಸಿಗೆಯಲ್ಲಿ ಲಂಡನ್ನಿನ ಒಂದು ಪಬ್ಬಿನ ಮಹಡಿಯಲ್ಲಿ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿ ಆರಿಸಿದ ಹೆಸರದು. ಆಫ್ರಿಕಾ, ಏಷ್ಯಾದ ರೆಕಾರ್ಡುಗಳನ್ನು ಎಲ್ಲಿಡಬೇಕೆಂದು ಅಂಗಡಿಯವರಿಗೆ ತಿಳಿಯದೆ ಮಾರಾಟ ನಿಂತಿತ್ತು. ಕಪಾಟಿಗೊಂದು ಫಲಕ ಬೇಕಿತ್ತು, ಅಷ್ಟೇ. ಮಾರಾಟ ಚಿಗುರಿತು ನಿಜ, ಆದರೆ ಪಾಶ್ಚಾತ್ಯರದಲ್ಲದ ಎಲ್ಲವೂ ಒಂದೇ ಸಾಲಿಗೆ ಬಿತ್ತು. ಗ್ರ್ಯಾಮಿಯವರು 2020ರಲ್ಲಿ ಪ್ರಶಸ್ತಿಯ ಹೆಸರಿನಲ್ಲಿದ್ದ ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಎಂದು ಬರೆದರು. ಕನ್ನಡಕ್ಕೆ ತಂದರೆ ಎರಡಕ್ಕೂ ‘ಜಾಗತಿಕ’ ಎಂದೇ ಹೇಳಬೇಕಾಗುತ್ತದೆ.