ರೀಲ್ಸ್ ಬಗ್ಗೆ ಡಾಕ್ಯುಮೆಂಟರಿ: ಹಿನ್ನೆಲೆ ದನಿ ಬೇಕಾ?

ವಿಜಯಪುರದ ಕಾಲೇಜು ಹುಡುಗರ ರೀಲ್ಸ್ ಹುಚ್ಚಿನ ಬಗ್ಗೆ ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡ್ತಿದ್ದೀವಿ, ಹಿನ್ನೆಲೆ ದನಿ ಬೇಕೇಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಮಾತಾಡುವವರ ಉತ್ತರಗಳೇ ಕಥೆ ಹೇಳಲಿ. ಅದಕ್ಕೆ ಅವರಿಗೆ ಒಂದೇ ವಿಷಯ ಹೇಳಿಕೊಡಿ: ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರ ಕೊಡಬೇಕು. ‘ಮೂರು ತಾಸು’ ಅಂದರೆ ಎಡಿಟಿಂಗ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ‘ನಾನು ದಿನಾ ಮೂರು ತಾಸು ರೀಲ್ಸ್ ನೋಡ್ತೀನಿ’ ಅಂದರೆ ನಿಮ್ಮ ಪ್ರಶ್ನೆ ಕತ್ತರಿಸಿದರೂ ಅರ್ಥವಾಗುತ್ತದೆ. ಇದನ್ನು ಮರೆತು ನಮ್ಮ ಮೊದಲ ಚಿತ್ರದ ಅರ್ಧ ಸಂದರ್ಶನ ಸುಮ್ನೆ ಹಾಳಾಯಿತು.

ಮೊಬೈಲ್ ಪರದೆಯನ್ನು ಕ್ಯಾಮೆರಾದಲ್ಲಿ ಹಿಡಿದರೆ ಮಿನುಗುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಅದು ಮೊಬೈಲ್‌ನಲ್ಲಿ ಕಾಣುವ ಹಾಗೆ ಉದ್ದ ಚೌಕಟ್ಟಿನಲ್ಲೇ ಇರಲಿ, ಸಂದರ್ಶನ ಅಡ್ಡ ಚೌಕಟ್ಟಿನಲ್ಲಿರಲಿ. ಬೇರೆಯವರ ಹೆಸರು, ಕಾಮೆಂಟ್ ಮಸುಕು ಮಾಡಿ. 18 ತುಂಬದವರಿದ್ದರೆ ತಂದೆ-ತಾಯಿಯ ಸಹಿ ತಗೊಳ್ಳಿ.

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ನಿಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ಮಾತು ಎಷ್ಟೋ ಸಲ ತಿರುಗಿ ಬರುತ್ತದಲ್ವಾ! ಆದರೆ ಸಂದರ್ಶನ ಅಲ್ಲಿ ಬೇಡ, ಪ್ರತಿಧ್ವನಿಯಲ್ಲಿ ಏನೂ ತಿಳಿಯುವುದಿಲ್ಲ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕು.

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ ಜುಲೈನಲ್ಲಿ ಇಲ್ಲಿ ರೀಲ್ಸ್ ಬಂತು. ಇಂಥ ಮಾಹಿತಿಗೂ ಹಿನ್ನೆಲೆ ದನಿ ಬೇಡ, ಪರದೆಯ ಮೇಲೆ ಒಂದು ಸಾಲು ಬರೆದರೆ ಸಾಕು.