ಜುಲೈ ತಿಂಗಳ ಕೆಂಪು, ಹತ್ತು ಸಾವಿರದೊಳಗೆ

ನಮಸ್ಕಾರ. ತಂಗಿ ಹುಟ್ಟಿದ್ದು ಜುಲೈನಲ್ಲಿ, ಮದುವೆಗೆ ಮುಂಚೆ ಮಾಣಿಕ್ಯದ ಉಂಗುರ ಕೊಡಬೇಕು, ಕೈಯಲ್ಲಿರುವುದು ಹತ್ತು ಸಾವಿರ ಅಂತ ಕೇಳಿದ್ದೀರಿ. ಒಳ್ಳೆ ಆಸೆ, ಬಿಡಬೇಡಿ.

ತಿಂಗಳಿಗೊಂದು ಹರಳು ಅನ್ನೋ ಈಗಿನ ಪಟ್ಟಿ 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಗೊತ್ತುಮಾಡಿದ್ದು. ಅದರಲ್ಲಿ ಜುಲೈಗೆ ಮಾಣಿಕ್ಯ, ಅವರಿಗೆ ಅದು ಪ್ರೀತಿಯ ಗುರುತು. ನಮ್ಮಲ್ಲಿ ಅದು ಸೂರ್ಯನ ಹರಳು. ನವರತ್ನದ ಉಂಗುರದಲ್ಲಿ ನಡುವೆ ಕೂರಿಸುವುದು ಅದಕ್ಕೇ. ಅಜ್ಜಿಯರು ಸುಮ್ನೆ ‘ಕೆಂಪು’ ಅಂತಿದ್ದರು, ಕೆಂಪಿನ ಓಲೆ ಅಂತ ಕೇಳಿರುತ್ತೀರಿ ಅಲ್ವಾ?

ಕಡಿಮೆ ಬೆಲೆಗೆ ಫಳಫಳ ಹೊಳೆಯುವ ದೊಡ್ಡ ಹರಳು ತೋರಿಸಿದರೆ ಹುಷಾರು. ಬಿರುಕಿಗೆ ಸೀಸದ ಗಾಜು ತುಂಬಿರುವುದೇ ಜಾಸ್ತಿ. ನಿಂಬೆರಸ ತಾಗಿದರೂ ಆ ಗಾಜು ಕೆಡುತ್ತದೆ. ಅಕ್ಕಸಾಲಿಯ ಬೆಸುಗೆಯ ಬಿಸಿಯನ್ನೂ ತಡೆಯುವುದಿಲ್ಲ.

ನನ್ನ ಮನಸ್ಸಿರುವುದು ನಮ್ಮ ಕಡೆಯ ಕೆಂಪಿನ ಮೇಲೆ. ಮೈಸೂರು, ಮಂಡ್ಯ ಸುತ್ತಿನ ನೆಲದಲ್ಲೂ ಮಾಣಿಕ್ಯ ಸಿಗುತ್ತದೆ. ಬೆಳಕು ದಾಟದ ಮಬ್ಬು ಹರಳು, ಬೆಲೆಯೂ ಕಡಿಮೆ. ಗುಮ್ಮಟದ ಹಾಗೆ ಉಜ್ಜಿದರೆ ಕೆಲವದರಲ್ಲಿ ಆರು ಗೆರೆಯ ನಕ್ಷತ್ರ ಮೂಡುತ್ತದೆ. ಬಿಸಿಲಲ್ಲಿ ಉಂಗುರ ಆಡಿಸಿದರೆ ನಕ್ಷತ್ರವೂ ಜೊತೆಗೇ ಜಾರುತ್ತದೆ, ನೋಡೋದೇ ಒಂದು ಖುಷಿ. ಬೆಳ್ಳಿಯಲ್ಲಿ ಕಟ್ಟಿಸಿ. ಮೈಸೂರಿಗೆ ಬಂದಾಗ ಅಶೋಕ ರಸ್ತೆಯ ನಾಲ್ಕು ಅಂಗಡಿ ವಿಚಾರಿಸಿ.

ಸಿಗದಿದ್ದರೆ ಗಾರ್ನೆಟ್ ಇದೆ, ದಾಳಿಂಬೆ ಕಾಳಿನ ಬಣ್ಣ. ಅದು ಜನವರಿಯ ಹರಳು, ಪರವಾಗಿಲ್ಲ. ಆದರೆ ಮಾಣಿಕ್ಯದ ಗಡಸುತನ ಹತ್ತಕ್ಕೆ 9, ಇದರದು 7ರ ಆಸುಪಾಸು. ಪಾತ್ರೆ ತಿಕ್ಕುವಾಗ ತೆಗೆದಿಡಲು ಹೇಳಿ. ಯಾವುದೇ ಕೊಂಡರೂ ಹರಳಿನ ಹೆಸರು ಬಿಲ್ಲಿನಲ್ಲಿ ಬರೆಸಿಕೊಳ್ಳಿ.